ಅಪ್ಪ ಬರೆದ ಕಣ್ಣು

ಮೇಘಾ, ಶ್ರೇಯಸ್,

ನಿಮ್ಮಿಬ್ಬರ ಎದುರು ಕೂತು ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಸೇರಿದಲ್ಲಿ ಬಾಯಿ ಕಟ್ಟುವ ಸ್ವಭಾವ ನನ್ನದು. ಮೊಮ್ಮಕ್ಕಳ ಮುಂದೆಯೂ ಅದು ಬಿಟ್ಟಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಕೈ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ಭಾನುವಾರ ಶ್ರೇಯಸ್ ಗೋಡೆಯ ಮೇಲಿರುವ ನನ್ನ ಅವ್ವನ ಪಟವನ್ನು ಮೊಬೈಲಿಗೆ ಹಾಕಿ, ಅವಳು ರೆಪ್ಪೆ ಬಡಿಯುವ ಹಾಗೆ, ಕತ್ತು ತಿರುಗಿಸಿ ನಗುವ ಹಾಗೆ ಮಾಡಿ ತೋರಿಸಿದ. "ಅಜ್ಜಿ, ನೋಡು, ನಿನ್ನ ಅವ್ವ ನಿನ್ನನ್ನೇ ನೋಡ್ತಿದ್ದಾಳೆ" ಅಂದ. ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ಸಿಟ್ಟು ಬಂತು ಎಂದು ನೀವು ತಿಳಿದಿರಿ. ಸಿಟ್ಟಲ್ಲ ಮಕ್ಕಳೇ. ಆ ಪಟದಲ್ಲಿರುವ ಕಣ್ಣು ನನ್ನ ಅವ್ವನದಲ್ಲ. ಅದು ಅವಳು ತೀರಿಕೊಂಡ ಮೇಲೆ ತೆಗೆದ ಪಟ. ಪಟದಲ್ಲಿ ಮುಚ್ಚಿದ್ದ ರೆಪ್ಪೆಯ ಮೇಲೆ ನನ್ನ ಅಪ್ಪ ಕುಂಚದಲ್ಲಿ ಕಣ್ಣು ಬರೆದ.

ಮೇಘಾ ಕ್ಯಾಮೆರಾ ಕೊಂಡ ದಿನದಿಂದ "ನಿನ್ನ ಅಪ್ಪ ಫೋಟೋಗ್ರಾಫರ್ ಆಗಿದ್ದರಂತಲ್ಲ, ಅವರು ಹೇಗೆ ತೆಗೀತಿದ್ದರು ಹೇಳು" ಎಂದು ಕೇಳುತ್ತಲೇ ಇದ್ದಾಳೆ. ಅವಳಿಗೂ ಉತ್ತರ ಇದರಲ್ಲೇ ಇದೆ.

ನಾನು ಸಣ್ಣವಳಿದ್ದಾಗ ನಮ್ಮ ಕಡೆ ಮನುಷ್ಯರ ಪಟ ತೆಗೆಸುತ್ತಿದ್ದುದು ಮದುವೆಯಲ್ಲಿ, ಇಲ್ಲವೇ ಸತ್ತಾಗ. ಮದುವೆಗೆ ತೆಗೆಸುವವರು ಉಳ್ಳವರು ಮಾತ್ರ. ಉಳಿದವರಿಗೆ ಜನ್ಮದಲ್ಲಿ ಒಂದೇ ಪಟ, ಅದೂ ಜನ್ಮ ಮುಗಿದ ಮೇಲೆ. ಸಿದ್ದಾಪುರದಿಂದ ಮನ್ಮನೆ ಕಡೆಗೆ ಹೋಗುವ ದಾರಿಯಲ್ಲಿತ್ತು ನಮ್ಮೂರು. ಅಪ್ಪ ಚಿಕ್ಕಂದಿನಲ್ಲಿ ಶಿರಸಿಯ ಒಂದು ಸ್ಟುಡಿಯೋದಲ್ಲಿದ್ದು ಕೆಲಸ ಕಲಿತು, ಗದ್ದೆ ನೋಡಿಕೊಳ್ಳಲು ಊರಿಗೆ ವಾಪಸಾದವನು. ಬರುವಾಗ ಹಳೆಯದೊಂದು ಕ್ಯಾಮೆರಾ ತಂದಿದ್ದ. ಎದೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಅದು. ಅದರ ತೊಗಲಿನ ಚೀಲಕ್ಕೆ ಹಳೆ ಚಪ್ಪಲಿಯ ವಾಸನೆ. ರೋಲನ್ನು ಶಿರಸಿಗೆ ಕೊಟ್ಟು ತೊಳೆಸಿ, ಪಟ ಮಾಡಿಸಿ ತರುತ್ತಿದ್ದ. ಕಣ್ಣು ಬರೆಯುವ ಕೆಲಸ ಮಾತ್ರ ಮನೆಯಲ್ಲೇ, ಕಿಟಕಿಯ ಪಕ್ಕ ಕೂತು.

ಯಾರಾದರೂ ಸತ್ತರೆ ಅಪ್ಪನಿಗೆ ಕರೆ ಬರುತ್ತಿತ್ತು. ಹೆಣವನ್ನು ಮೀಯಿಸಿ, ಒಳ್ಳೆ ಬಟ್ಟೆ ಉಡಿಸಿ, ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸುತ್ತಿದ್ದರು. ಕತ್ತು ವಾಲದಂತೆ ಹಿಂದಿನಿಂದ ಒಬ್ಬ ಹಿಡಿದುಕೊಳ್ಳಬೇಕು. ಪಟದಲ್ಲಿ ಕಣ್ಣು ಮುಚ್ಚಿದ್ದರೆ ಮನೆಯವರು ಒಪ್ಪುತ್ತಿರಲಿಲ್ಲ. ದಿನಾ ದೀಪ ಹಚ್ಚಿ ಕೈಮುಗಿಯುವ ಪಟ, ಅದು ತಮ್ಮನ್ನು ನೋಡಬೇಕು. ಅಪ್ಪ ಅವರನ್ನು ಕೇಳುತ್ತಿದ್ದ: "ಕಣ್ಣು ಹೆಂಗಿತ್ತು?"

"ಎಲ್ರ ಕಣ್ಣು ಹೆಂಗಿರ್ತದೋ ಹಂಗೇ ಇತ್ತು ಮಾರಾಯ."

ಎಲ್ಲ ಮನೆಯಲ್ಲೂ ಇದೇ ಉತ್ತರ. ಹಾಗಾಗಿ ಅಪ್ಪನ ಕೈಗೆ ಒಂದು ಜೊತೆ ಕಣ್ಣು ಕೂತುಬಿಟ್ಟಿತ್ತು, ಎಲ್ಲರಿಗೂ ಅದನ್ನೇ ಬರೆಯುತ್ತಿದ್ದ. ಮನೆಯವರು ಪಟ ನೋಡಿ "ಥೇಟ್ ಎದುರಿಗೆ ಕೂತಂಗೇ ಅದೆ" ಅನ್ನುತ್ತಿದ್ದರು. ಸುತ್ತಲಿನ ಎಷ್ಟೋ ಊರುಗಳ ಗೋಡೆಗಳಲ್ಲಿ ಸತ್ತವರೆಲ್ಲ ಒಂದೇ ಕಣ್ಣಿನಿಂದ ನೋಡುತ್ತಿದ್ದರು.

ನಾವು ಮಕ್ಕಳು ಆಡುತ್ತಿದ್ದ ಆಟವೂ ಅದೇ. ತಮ್ಮ ಕಂಬಕ್ಕೆ ಒರಗಿ ಹೆಣವಾಗಬೇಕು, ನಾನು ತೆಂಗಿನ ಚಿಪ್ಪು ಹಿಡಿದು ಪಟ ತೆಗೆಯಬೇಕು. "ಸರೀ ಮಾಡಿ ಸಾಯಿ, ನಗಬ್ಯಾಡ" ಎಂದು ನಾನು ಗದರುವುದು, ಅವನು ಕಿಸಕ್ಕನೆ ನಗುವುದು. ಅವ್ವ ಕಂಡರೆ ಪೊರಕೆ ಹಿಡಿದು ಬರುತ್ತಿದ್ದಳು. "ಆಡಕ್ಕೆ ಬೇರೆ ಆಟ ಇಲ್ಯನೆ ನಿಂಗೆ? ಅಪ್ಪನ ಕಸುಬು ಅಪ್ಪನೇ ಮಾಡ್ಲಿ."

ಆ ಕ್ಯಾಮೆರಾಕ್ಕೆ ನಮ್ಮ ಮನೆಯಲ್ಲಿ ಸೂತಕವಿತ್ತು. ಅಪ್ಪನ ತಾಯಿಯನ್ನು ನಾವು ಅಮ್ಮಮ್ಮ ಎನ್ನುತ್ತಿದ್ದೆವು; ಅದು ಅವಳ ಕಟ್ಟಳೆ. ಹೆಣ ಕಂಡು ಬಂದವನು ಮಿಂದು ಒಳಗೆ ಬರಬಹುದು, ಪೆಟ್ಟಿಗೆಯನ್ನು ಮೀಯಿಸುವುದು ಹೇಗೆ? ಆದ್ದರಿಂದ ಅದು ಕೊಟ್ಟಿಗೆಯ ಗಳಕ್ಕೆ ನೇತಾಡಬೇಕು. ಆ ಸತ್ತ ಮನೆಯ ಸೂತಕ ಕಳೆಯುವ ತನಕ ಅದನ್ನು ಬದುಕಿದವರ ಕಡೆ ತಿರುಗಿಸಬಾರದು. ತಿರುಗಿಸಿದರೆ ಅವರ ಆಯುಷ್ಯ ಎಳೆದುಕೊಳ್ಳುತ್ತದೆ. ಅಮ್ಮಮ್ಮ ಮಾತ್ರವಲ್ಲ, ಊರಿನವರೂ ಹೀಗೇ ನಂಬಿದ್ದರು. ಮದುವೆ ಮನೆಯವರು ಬಂದರೆ ಮೊದಲು ಕೇಳುತ್ತಿದ್ದುದು, "ಪೆಟ್ಟಿಗೆ ಶುದ್ಧ ಅದ್ಯಲಾ?"

ಹಾಗೆ ಪೆಟ್ಟಿಗೆ ಶುದ್ಧವಿದ್ದಾಗ ಅಪ್ಪ ಬದುಕಿದವರ ಪಟವನ್ನೂ ಚೆನ್ನಾಗಿ ತೆಗೆಯುತ್ತಿದ್ದ. ಮೇಘಾ, ಅವನು ಹೇಳುತ್ತಿದ್ದುದರಲ್ಲಿ ನನಗೆ ನೆನಪಿರುವುದು ಇಷ್ಟು. ಯಾರನ್ನೂ ಬಿಸಿಲಲ್ಲಿ ನಿಲ್ಲಿಸಬೇಡ. ಬಿಸಿಲಿಗೆ ಕಣ್ಣು ಕಿರಿದಾಗುತ್ತದೆ, ಹುಬ್ಬಿನ ಕೆಳಗೆ ಕಪ್ಪು ಕೂರುತ್ತದೆ. ಸೂರಿನ ನೆರಳು ಮುಗಿದು ಅಂಗಳದ ಬೆಳಕು ಶುರುವಾಗುವ ಜಾಗ ಇರುತ್ತದಲ್ಲ, ಅಲ್ಲಿ ಕೂರಿಸಿ ಮುಖವನ್ನು ಅರ್ಧ ಹೊರಗೆ ತಿರುಗಿಸು. ಇನ್ನೊಂದು ಕೆನ್ನೆ ಕಪ್ಪಾಯಿತೆನಿಸಿದರೆ ಬಿಳಿ ಪಂಚೆಯೊಂದನ್ನು ಆ ಕಡೆಗೆ ಹಿಡಿದರೆ ಸಾಕು. ಪಂಚೆ ಹಿಡಿಯುವವಳು ಯಾವಾಗಲೂ ನಾನೇ. ಒತ್ತುವ ಮೊದಲು ತಲೆಯ ಹಿಂದೆ ಏನಿದೆ ನೋಡು, ಇಲ್ಲದಿದ್ದರೆ ಪಟದಲ್ಲಿ ನೆತ್ತಿಯಿಂದ ಕಂಬ ಎದ್ದಿರುತ್ತದೆ. ಮಕ್ಕಳ ಪಟಕ್ಕೆ ನೀನೂ ನೆಲಕ್ಕೆ ಕೂರು. ನಗು ಎಂದು ಯಾರಿಗೂ ಹೇಳಬೇಡ. ಅಪ್ಪ "ನಿಮ್ಮನೆ ಎಮ್ಮೆ ಈಗ ಹಾಲು ಕೊಡ್ತದ್ಯಾ?" ಎಂದು ಕೇಳುತ್ತಿದ್ದ. ಅವರು ಉತ್ತರ ಹೇಳಿ ಬಾಯಿ ಮುಚ್ಚುವ ಹೊತ್ತಿಗೆ ಒತ್ತುತ್ತಿದ್ದ. ಆಗ ಮುಖ ತನ್ನಷ್ಟಕ್ಕೆ ಇರುತ್ತದೆ.

ಇಷ್ಟೆಲ್ಲ ತಿಳಿದವನ ಮನೆಯಲ್ಲಿ ಅವ್ವನದೊಂದು ಪಟ ಇರಲಿಲ್ಲ. ಇವತ್ತು ನಾಳೆ ಎಂದು ಮುಂದೆ ಹೋಗುತ್ತಿತ್ತು. ಪೆಟ್ಟಿಗೆ ಶುದ್ಧವಿದ್ದರೆ ಗದ್ದೆ ಕೆಲಸ, ಕೆಲಸ ಮುಗಿದರೆ ಪೆಟ್ಟಿಗೆಗೆ ಸೂತಕ.

"ಸೀಮೆಯ ಹೆಣ ಎಲ್ಲ ನಿಮ್ಮ ಎದುರು ಕೂತ್ವು. ಹೆಂಡ್ತೀನ ಕೂರ್ಸಕ್ಕೆ ಮಾತ್ರ ಪುರ್ಸೊತ್ತಿಲ್ಲ" ಎಂದು ಅವ್ವ ಚುಚ್ಚುತ್ತಿದ್ದಳು.

"ಹೆಣ ಅಲ್ಲಾಡ್ದೆ ಕೂತ್ಕತದೆ. ನೀನು ಒಂದು ನಿಮಿಷ ಸುಮ್ನೆ ಕೂತ್ಕತೀಯನೆ?" ಎಂದು ಅಪ್ಪ.

ಆ ವರ್ಷ ಶಿವರಾತ್ರಿಗಿಂತ ಮೊದಲೇ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮರದ ಬುಡದಲ್ಲಿ ಬಿದ್ದ ಮಂಗ ನಾರಿ, ಗಾಳಿ ತಿರುಗಿದರೆ ಶಾಲೆಯ ತನಕ ವಾಸನೆ ಬರುತ್ತಿತ್ತು. ಸತ್ತ ಮಂಗದ ಮೈಯಿಂದ ಉಣುಗು ಹುಳ ಉದುರಿ ಒಣಗಿದೆಲೆಯೊಳಗೆ ಸೇರುತ್ತದೆ, ಅದು ಕಚ್ಚಿದರೆ ಮನುಷ್ಯರಿಗೆ ಜ್ವರ. ಮಂಗನ ಕಾಯಿಲೆ ಎಂದು ಈಗಲೂ ಪೇಪರಿನಲ್ಲಿ ಓದುತ್ತೀರಲ್ಲ, ಅದೇ. ನರ್ಸಮ್ಮ ಮನೆಮನೆಗೆ ಬಂದು ದರಕು ತರಲು ಕಾಡಿಗೆ ಹೋಗಬೇಡಿ ಎಂದು ಹೇಳಿಹೋದರು. ದರಕು ಅಂದರೆ ಒಣಗಿದ ಎಲೆ. ಅದಿಲ್ಲದೆ ಕೊಟ್ಟಿಗೆಯ ದನಕ್ಕೆ ಹಾಸಲು ಏನಿದೆ, ಗದ್ದೆಗೆ ಗೊಬ್ಬರ ಎಲ್ಲಿಂದ? ಅವ್ವ ಹೋದಳು, ಎಲ್ಲರ ಮನೆಯ ಹೆಂಗಸರೂ ಹೋದರು. ಮೊದಲು ಜ್ವರ ಬಂದದ್ದು ಕೇರಿಯ ಕೊನೆಯ ಮನೆಗೆ. ಆಮೇಲೆ ಪಕ್ಕದೂರಿಗೆ. ಅಪ್ಪನಿಗೆ ಕರೆಯ ಮೇಲೆ ಕರೆ. ಕ್ಯಾಮೆರಾ ಗಳದ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಅವ್ವ ಒಲೆಯ ಮುಂದೆ ತಲೆ ಹಿಡಿದುಕೊಂಡು ಕೂತಳು. ಸಂಜೆಗೆ ಮೈ ಕೆಂಡವಾಯಿತು. ಕಣ್ಣು ಕೆಂಪಗಾಗಿ, ಬೆಳಕು ಕಂಡರೆ ನೋವು ಅಂದಳು. ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿದೆವು. ಅಮ್ಮಮ್ಮ ಗಂಜಿಯ ತಿಳಿ ಕುಡಿಸಿದರೆ ಅದೂ ನಿಲ್ಲುತ್ತಿರಲಿಲ್ಲ. ತಮ್ಮನನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ. ಅವನು ಬಾಗಿಲ ಹೊರಗೆ ಕೂತು ಅವ್ವನನ್ನು ಕರೆಯುತ್ತಿದ್ದ.

ಕೆಲವು ದಿನ ಹೀಗೆ ಕಳೆದು ಜ್ವರ ಬಿಟ್ಟಿತು. ಮೈಯೆಲ್ಲ ಬೆವರಿ, ಅವ್ವ ಹಸಿವು ಅಂದಳು. ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಹಾಕಿದ ಗಂಜಿ ಉಂಡಳು. ಮರುದಿನ ತಲೆಗೆ ನೀರು ಹಾಕಿಸಿಕೊಂಡು ಜಗಲಿಗೆ ಬಂದು ಕೂತಳು. ಒದ್ದೆ ಕೂದಲಿನ ಸೀಗೆಕಾಯಿ ವಾಸನೆ ನನಗೆ ಈಗಲೂ ಬರುತ್ತದೆ. ಮನೆಯಲ್ಲಿ ಹಬ್ಬದಂತೆ ಆಯಿತು. ನರ್ಸಮ್ಮ ಮಾತ್ರ "ಬಿಟ್ಟ ಜ್ವರ ಇನ್ನೊಂದು ಸಲ ಬರೋದುಂಟು, ಮಲಗೇ ಇರಿ" ಅಂದರು.

ಅವ್ವ ಮದುವೆಯ ಹಸಿರು ಸೀರೆ ಉಟ್ಟುಕೊಂಡು ಬಂದು ಅಪ್ಪನಿಗೆ ಅಂದಳು: "ಹೋಯ್, ಇವತ್ತು ನಂದೊಂದು ಪಟ ತೆಗೀರಿ."

"ಇವತ್ತು ಎಂತಕ್ಕೆ? ಮೊದ್ಲು ಮೈ ತುಂಬ್ಕಳ್ಲಿ."

"ಮೈ ತುಂಬ್ದಾಗ ಇನ್ನೊಂದು ತೆಗೀರಿ. ನಂಗೆ ನೀವು ಬರೆಯೋ ಕಣ್ಣು ಬ್ಯಾಡ. ನನ್ನ ಮಕ್ಕಳನ್ನ ನನ್ನ ಕಣ್ಣೇ ನೋಡ್ಲಿ."

ಅಪ್ಪ ಕೊಟ್ಟಿಗೆಯ ಕಡೆ ನೋಡಿದ. ಒಳಗಿನಿಂದ ಅಮ್ಮಮ್ಮ ಅಂದಳು. "ಹುಚ್ಚು ಮಾತಾಡ್ಬ್ಯಾಡ. ಈಗಷ್ಟೇ ಎದ್ದು ಕೂತೀಯ. ಪೆಟ್ಟಿಗೆಗೆ ಸೂತಕ ಅದೆ. ಗುರುವಾರ ಕಳೀತದೆ, ಶುಕ್ರವಾರ ಬೆಳಿಗ್ಗೆ ತೆಗೀಲಿ."

ಅಪ್ಪ ಅದನ್ನೆಲ್ಲ ನಂಬಿದ್ದನೋ ಇಲ್ಲವೋ ನನಗೆ ತಿಳಿಯದು. ಶಿರಸಿಯಲ್ಲಿದ್ದಾಗ ನಂಬಿರಲಿಕ್ಕಿಲ್ಲ. ಆದರೆ ಆಗಷ್ಟೇ ಎದ್ದು ಕೂತ ಹೆಂಡತಿಯ ಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಶುಕ್ರವಾರ ಅಂದ. ಅವ್ವನೂ ಶುಕ್ರವಾರ ಅಂದಳು.

ಬುಧವಾರ ಬೆಳಿಗ್ಗೆ ತೋಟದ ಮನೆಯ ಹೆಗಡೇರು ಏದುಸಿರು ಬಿಡುತ್ತ ಬಂದು ಅಂಗಳದಲ್ಲಿ ನಿಂತರು. "ಮಾರಾಯ, ನೀನು ಈಗ್ಲೇ ಬರವು. ಅಪ್ಪಯ್ಯ ಹೋಗ್ಬಿಟ್ಟ. ಮನೇಲಿ ಅವಂದು ಒಂದು ಪಟವೂ ಇಲ್ಲೆ."

ಅಪ್ಪ ಅವ್ವನ ಮುಖ ನೋಡಿದ. ಹೋದರೆ ಪೆಟ್ಟಿಗೆಗೆ ಮತ್ತೆ ಹೊಸ ಸೂತಕ. ಅದು ಅವಳಿಗೂ ಗೊತ್ತಿತ್ತು.

"ಹೋಗಿ ಬನ್ನಿ" ಅಂದಳು ಅವ್ವ. "ಅವರ ಮನೇಲೂ ಪಟ ಇಲ್ಲ ಅಂತಾರಲ್ಲ. ನಾನು ಎಲ್ಲಿಗೆ ಹೋಗ್ತೆ, ಇಲ್ಲೇ ಇರ್ತೆ."

ಅಪ್ಪ ಹೋದ. ಅದೇ ವಾರ ಇನ್ನೊಂದು ಮನೆಗೂ ಹೋದ. ಶುಕ್ರವಾರ ಬೆಳಿಗ್ಗೆ ಅವ್ವ ಸೀರೆ ಮಡಚಿ ಟ್ರಂಕಿಗೆ ಹಾಕುವುದನ್ನು ನಾನು ನೋಡಿದೆ. "ಮುಂದಿನ ವಾರ ಉಡ್ತೆ" ಅಂದಳು. ಸೂರಿನ ಅಂಚಿಗೆ ಆವತ್ತು ಬಂದಂಥ ಬೆಳಕು, ಮೇಘಾ, ಅಪ್ಪ ಕಾಯುತ್ತಿದ್ದಂಥದೇ ಬೆಳಕು. ಮೋಡವೂ ಇರಲಿಲ್ಲ, ಬಿಸಿಲಿನ ಉರಿಯೂ ಇರಲಿಲ್ಲ. ಅವ್ವ ಆ ಬೆಳಕಲ್ಲಿ ಕೂತು ತಮ್ಮನ ತಲೆ ಬಾಚಿದಳು. ಕ್ಯಾಮೆರಾ ಇಪ್ಪತ್ತು ಮಾರು ಆಚೆ ಕೊಟ್ಟಿಗೆಯಲ್ಲಿ ನೇತಾಡುತ್ತಿತ್ತು.

ಬಿಟ್ಟ ಜ್ವರ ತಿರುಗಿ ಬಂತು. ಈ ಸಲ ಒಸಡಿನಿಂದ ರಕ್ತ ಬಂತು, ಮಾತು ತೊದಲಿತು. ಕಿಟಕಿಗೆ ಮತ್ತೆ ಕಂಬಳಿ. ಮಧ್ಯಾಹ್ನದ ಹೊತ್ತಿಗೆ ಅಮ್ಮಮ್ಮ ಕೋಣೆಯಿಂದ ಹೊರಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಅಪ್ಪನಿಗೆ ಅಂದಳು: "ತಗಂಬಾ ಹೋಗು. ಸೂತಕನೂ ಬ್ಯಾಡ ಎಂತದೂ ಬ್ಯಾಡ. ಈಗ್ಲಾದ್ರೂ ತೆಗಿ."

ಅಪ್ಪ ಕೊಟ್ಟಿಗೆಗೆ ಓಡಿದ. ಆ ಪೆಟ್ಟಿಗೆ ನಮ್ಮ ಮನೆಯ ಹೊಸಿಲು ದಾಟಿದ್ದು ಆವತ್ತೇ ಮೊದಲು. ನನಗೆ ಪಂಚೆ ಹಿಡಿಯಲು ಹೇಳಿದ. ಕತ್ತಲಲ್ಲಿ ಪಂಚೆ ಹಿಡಿದು ಏನು ಪ್ರಯೋಜನ? ಮಿಂಚುವ ಫ್ಲ್ಯಾಶ್ ಬಲ್ಬು ಅವನಲ್ಲಿರಲಿಲ್ಲ, ಅವನದೆಲ್ಲ ಹಗಲಿನ ಬೆಳಕಿನ ವಿದ್ಯೆ. ಕಂಬಳಿಯ ಒಂದು ಮೂಲೆ ಎತ್ತಿದ. ಬೆಳಕಿನ ಪಟ್ಟಿ ಅವ್ವನ ಮುಖಕ್ಕೆ ಬಿತ್ತು. ಅವಳು ನರಳಿ, ಮೊಣಕೈಯನ್ನು ಕಣ್ಣಿನ ಮೇಲೆ ಇಟ್ಟುಕೊಂಡಳು.

"ಒಂದೇ ಸಲ ಕಣ್ಣು ಬಿಡೆ. ಒಂದೇ ಸಲ" ಎಂದು ಅಪ್ಪ ಬೇಡಿದ.

ಅವಳು ಕೈ ತೆಗೆಯಲು ನೋಡಿದಳು. ರೆಪ್ಪೆ ಬಿಗಿದುಕೊಂಡೇ ಇತ್ತು, ಅಂಚಿನಿಂದ ನೀರು ಇಳಿಯುತ್ತಿತ್ತು. "ಆಗೂದಿಲ್ಲ" ಅಂದಳು. ಅಪ್ಪ ಇನ್ನೊಂದು ಸಲ ಬಗ್ಗಿ ಗಾಜಿನಲ್ಲಿ ನೋಡಿದ. ಆಮೇಲೆ ಅವನೇ ಎದ್ದು ಕಂಬಳಿಯನ್ನು ಮೊದಲಿನಂತೆ ಎಳೆದುಬಿಟ್ಟ.

ಜೀಪು ತರಿಸಿ ಸಿದ್ದಾಪುರಕ್ಕೆ ಕರೆದೊಯ್ದರು. ಮಾರನೆಯ ದಿನ ಅದೇ ಜೀಪಿನಲ್ಲಿ ಅವಳನ್ನು ತಂದರು.

ಅಮ್ಮಮ್ಮ ಮೀಯಿಸಿ, ಹಸಿರು ಸೀರೆ ಉಡಿಸಿ, ದೊಡ್ಡ ಕುಂಕುಮ ಇಟ್ಟಳು. ಜಗಲಿಯ ಕಂಬಕ್ಕೆ ಒರಗಿಸಿದರು. ನೆರೆಮನೆಯ ಚಿಕ್ಕಪ್ಪ ಅಪ್ಪನ ಭುಜ ಹಿಡಿದು, "ನೀ ತೆಗೀಬ್ಯಾಡ ಮಾರಾಯ, ಶಿರಸಿಯಿಂದ ಯಾರನ್ನಾರೂ ಕರೆಸನ" ಅಂದ.

"ಅವರು ಬರೋ ಹೊತ್ತಿಗೆ ಬೆಳಕು ಹೋಗ್ತದೆ" ಅಂದ ಅಪ್ಪ.

ನಾನು ಪಂಚೆ ಹಿಡಿದೆ. ಅಪ್ಪ ಕ್ಯಾಮೆರಾದ ಮೇಲೆ ಬಗ್ಗಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾದಲ್ಲಿ ಪಟ ತೆಗೆಯುವವನ ಮುಖ ಯಾರಿಗೂ ಕಾಣುವುದಿಲ್ಲ.

ಶಿರಸಿಯಿಂದ ಪಟ ಬಂತು. ಅಪ್ಪ ಕಿಟಕಿಯ ಪಕ್ಕ ಕೂತು ಕುಂಚ ಅದ್ದಿಕೊಂಡ. ಅದ್ದಿದ ಮಸಿ ಒಣಗಿತು, ಮತ್ತೆ ಅದ್ದಿದ. ನನ್ನನ್ನು ಕರೆದು ಕೇಳಿದ: "ಕೂಸೆ, ಅವ್ವನ ಕಣ್ಣು ಹೆಂಗಿತ್ತೆ?"

"ಚಂದ ಇತ್ತು."

"ಅದಲ್ಲ. ರೆಪ್ಪೆ ಹೆಂಗಿತ್ತು? ಹುಬ್ಬಿಗೂ ಕಣ್ಣಿಗೂ ಎಷ್ಟು ಜಾಗ ಇತ್ತು?"

ನಾನು ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದೆ. ಕತ್ತಲೆ ಕೋಣೆಯಲ್ಲಿ ಅಡ್ಡ ಬಂದ ಮೊಣಕೈ ಮಾತ್ರ ಕಂಡಿತು. ಅಪ್ಪ ಅಮ್ಮಮ್ಮನನ್ನು ಕೇಳಿದ. ಅವಳು ಸೆರಗು ಬಾಯಿಗಿಟ್ಟುಕೊಂಡು, "ನಾನು ಅವಳ ಕೆಲಸ ನೋಡ್ದೆ, ಕೈ ನೋಡ್ದೆ. ಕಣ್ಣು ನೋಡ್ಲಿಲ್ಲ ಕಣೋ" ಅಂದಳು. ಅಪ್ಪ ಊರೂರಿನ ಹೆಣಕ್ಕೆ ಬರೆದು ಕೈಗೆ ಕೂತಿದ್ದ ಅದೇ ಕಣ್ಣನ್ನು ಅವ್ವನಿಗೂ ಬರೆದ.

ತಮ್ಮ ಆ ಪಟ ನೋಡಿಕೊಂಡೇ ಬೆಳೆದ. ಅವನಿಗೆ ಅವ್ವ ಅಂದರೆ ಆ ಕಣ್ಣು. ನಾನು ಅವನಿಗೆ ಈ ಕತೆ ಹೇಳಲಿಲ್ಲ, ಹೇಳಿ ಅವನಿಂದ ಅದನ್ನೂ ಕಿತ್ತುಕೊಳ್ಳುವುದು ಬೇಡವೆನಿಸಿತು. ಈಗ ಅವನೂ ಇಲ್ಲ.

ಆಮೇಲೆ ಕ್ಯಾಮೆರಾ ಕೊಟ್ಟಿಗೆಗೆ ಹೋಗಲಿಲ್ಲ. ದೇವರ ಗೂಡಿನ ಕೆಳಗೆ ಇಟ್ಟರೂ ಅಮ್ಮಮ್ಮ ತಡೆಯಲಿಲ್ಲ. ಸತ್ತವರ ಪಟಕ್ಕೆ ಕರೆ ಬಂದರೆ ಅಪ್ಪ ಹೋಗುತ್ತಿದ್ದ, ಆದರೆ ಆ ಮನೆಯಲ್ಲಿ ಉಳಿದವರನ್ನೂ ಜಗಲಿಯ ಅಂಚಿಗೆ ಕೂರಿಸಿ ಪಟ ತೆಗೆದೇ ಬರುತ್ತಿದ್ದ. "ಸೂತಕದ ಪೆಟ್ಟಿಗೆ, ಬ್ಯಾಡ ಮಾರಾಯ" ಎಂದು ಮುಖ ತಿರುಗಿಸಿ ಒಳಗೆ ಹೋದವರೇ ಹೆಚ್ಚು. ಒಪ್ಪಿದವರ ಫಿಲ್ಮುಗಳನ್ನು ಡಬ್ಬಿಯಲ್ಲಿಟ್ಟಿದ್ದ. ಅವನು ಹೋದ ಮೇಲಿನ ಒಂದು ಮಳೆಗಾಲದಲ್ಲಿ ಬೂಸಲು ಹಿಡಿದು ಎಲ್ಲ ಒಂದಕ್ಕೊಂದು ಅಂಟಿಕೊಂಡವು. ನಾನು ಬಿಡಿಸಲು ನೋಡಿದೆ, ಮುಖಗಳೇ ಸಿಪ್ಪೆಯಂತೆ ಎದ್ದು ಬಂದವು.

ಅದಕ್ಕೇ ಮೇಘಾ, ಅಪ್ಪ ಹೇಳಿಕೊಟ್ಟದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಒಳ್ಳೆ ಸೀರೆಗೆ, ಒಳ್ಳೆ ಬೆಳಕಿಗೆ, ಮೈ ತುಂಬಿಕೊಳ್ಳುವುದಕ್ಕೆ ಕಾಯಬೇಡ. ಯಾರಾದರೂ ತಾವಾಗಿಯೇ ನನ್ನದೊಂದು ತೆಗಿ ಎಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ತೆಗೆದುಬಿಡು. ನಿಮ್ಮ ಅಜ್ಜ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ನಿಮ್ಮ ಅಮ್ಮನಿಗೆ ಹೇಳಿ ಪಟ ತೆಗೆಸಿದವಳು ನಾನೇ. ಅದರಲ್ಲಿ ಅವರು ಮೂಸಂಬಿ ಹುಳಿಯೆಂದು ನನ್ನನ್ನು ಬೈಯುತ್ತಿದ್ದಾರೆ, ಗಡ್ಡ ಬೆಳೆದಿದೆ, ಅಂಗಿಯ ಗುಂಡಿ ಬಿಚ್ಚಿದೆ. ಆದರೆ ನೋಡುತ್ತಿರುವುದು ಅವರೇ.

ಇಸಳೂರಿನ ಈ ಮನೆಯಲ್ಲಿ ಈಗ ದಿನಕ್ಕೆ ಎಷ್ಟು ಪಟ ತೆಗೆಯುತ್ತೀರೋ ನಿಮಗೇ ಲೆಕ್ಕವಿಲ್ಲ. ನನಗೆ ಹೊಟ್ಟೆಕಿಚ್ಚಿಲ್ಲ. ಅವುಗಳಲ್ಲಿ ಒಂದೇ ಒಂದು ಆ ಶುಕ್ರವಾರದ ಬೆಳಿಗ್ಗೆ ನಮಗೆ ಸಿಕ್ಕಿದ್ದರೆ ಎನಿಸುತ್ತದೆ.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಒಂದು ದಿನ ಅಡುಗೆಮನೆಯಲ್ಲಿ ಜೋನಿ ಬೆಲ್ಲವನ್ನು ಬಾಟಲಿಗೆ ಹುಯ್ಯುತ್ತಿದ್ದೆ. ಕಿಟಕಿಯ ಬೆಳಕು ಆ ನೀರು ಬೆಲ್ಲದೊಳಗೆ ಹೊಕ್ಕು, ಅದು ಜೇನಿನ ಬಣ್ಣಕ್ಕೆ ಹೊಳೆಯಿತು. ಆಗ ನೆನಪಾಯಿತು. ಅವ್ವನ ಕಣ್ಣು ಕಪ್ಪಲ್ಲ, ಆ ಬಣ್ಣ. ನಗುವಾಗ ಎಡಗಡೆಯ ರೆಪ್ಪೆ ಬಲಗಡೆಯದಕ್ಕಿಂತ ತುಸು ಮೊದಲೇ ಇಳಿಯುತ್ತಿತ್ತು. ಹುಬ್ಬು ಕಣ್ಣಿಗೆ ಹತ್ತಿರವಿತ್ತು. ಅಪ್ಪ ಕೇಳಿದ್ದು ಇಷ್ಟನ್ನೇ. ಹೇಳೋಣವೆಂದರೆ ಅವನಿರಲಿಲ್ಲ.

ಆ ಕಣ್ಣನ್ನು ಕಂಡು ನೆನಪಿಟ್ಟುಕೊಂಡವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ನನ್ನ ಮರೆವೂ ಹೆಚ್ಚಾಗುತ್ತಿದೆ. ಈ ಹಾಳೆಗಳನ್ನು ಒಣ ಜಾಗದಲ್ಲಿಡಿ, ಮಳೆಗಾಲದಲ್ಲಿ ತೆಗೆದು ನೋಡುತ್ತಿರಿ. ಗೋಡೆಯ ಪಟ ಹಾಳಾದರೂ ಚಿಂತೆಯಿಲ್ಲ. ಇದನ್ನು ಜೋಪಾನ ಮಾಡಿ.